ಪುಟಕ್ಕೊಂದು ಹೆಸರು: ವರ್ಡ್ ಪ್ರೊಸೆಸರ್‌ನಲ್ಲಿ ಕಳೆದು ಸಿಕ್ಕ ಸೌಲಭ್ಯದ ಕಥೆ

ಡಿಟಿಪಿ ಅಂಗಡಿಯಲ್ಲಿ ಬಾಡಿಗೆ ಕರಾರು ಟೈಪ್ ಮಾಡಿಸಿದ್ದೀರಾ? ಆಪರೇಟರ್ ಹೊಸ ಫೈಲ್ ತೆಗೆಯೋದು ಅಪರೂಪ. ಹಳೇ ಗಿರಾಕಿಯ ಫೈಲ್ ತೆಗೆದು ಹೆಸರು, ವಿಳಾಸ, ಅಡ್ವಾನ್ಸ್ ಮೊತ್ತ ಬದಲಾಯಿಸ್ತಾರೆ. ಯಾಕಂದ್ರೆ ಆ ಫೈಲ್‌ನಲ್ಲಿ ಪುಟದ ಅಳತೆ ಸರಿಯಾಗಿ ಕೂತಿರುತ್ತೆ. ಮೊದಲ ಪುಟದ ಮೇಲ್ಭಾಗದಲ್ಲಿ ಛಾಪಾ ಕಾಗದದ ಮುದ್ರೆಗೆ ಜಾಗ ಬಿಡಬೇಕು, ಎರಡನೇ ಪುಟದಿಂದ ಮಾಮೂಲಿ ಅಂಚು ಸಾಕು. ಈ ಅಳತೆ ಉಳಿಸಿಕೊಳ್ಳೋಕೆ ಬೇರೊಬ್ಬರ ಕರಾರನ್ನೇ ಉಳಿಸಿಕೊಂಡಿರ್ತಾರೆ. ಎಲ್ಲೋ ಒಂದು ಸಾಲಿನಲ್ಲಿ ಹಿಂದಿನ ಬಾಡಿಗೆದಾರನ ಹೆಸರು ಉಳಿದುಹೋದ್ರೆ, ಸಹಿ ಹಾಕಿದವರು ನಾಳೆ ಯಾರಿಗೆ ಉತ್ತರ ಕೊಡಬೇಕು?

ಬರಹ ಬೇರೆ, ಪುಟದ ವಿನ್ಯಾಸ ಬೇರೆ ಅಂತ ಇಟ್ಟು, ವಿನ್ಯಾಸವನ್ನು ಮಾತ್ರ ಮತ್ತೆ ಮತ್ತೆ ಬಳಸೋಕೆ ಆಗಲ್ವಾ? ಆಗುತ್ತೆ. ಈ ಯೋಚನೆಗೆ 50 ವರ್ಷಕ್ಕಿಂತ ಹೆಚ್ಚು ವಯಸ್ಸು. ನಡುವೆ ಅದರ ಒಂದು ತುಂಡು ಕಳೆದುಹೋಗಿತ್ತು. ಇವತ್ತು ಆ ಕಥೆ.

1969ರಲ್ಲಿ ಐಬಿಎಂನ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಸೇರಿ ಜಿಎಂಎಲ್ ಅನ್ನೋ ಗುರುತು ಭಾಷೆ ರೂಪಿಸಿದ್ರು. ಅದರ ಹಿಂದಿನ ವಿಚಾರ ಸರಳ. ಈ ಸಾಲು ದಪ್ಪಕ್ಷರದಲ್ಲಿರಲಿ ಅಂತ ಬರೆಯಬೇಡಿ, ಇದು ಶೀರ್ಷಿಕೆ ಅಂತ ಬರೆಯಿರಿ. ಶೀರ್ಷಿಕೆ ಹೇಗೆ ಕಾಣಬೇಕು ಅನ್ನೋದನ್ನ ಬೇರೆ ಕಡೆ ಒಂದೇ ಸಲ ತೀರ್ಮಾನಿಸಿ.

ಮುಂದೆ 1974ರ ಹೊತ್ತಿಗೆ ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಜೊತೆಗಾರರು ಬ್ರಾವೋ ಅನ್ನೋ ತಂತ್ರಾಂಶ ಬರೆದ್ರು. ಪರದೆಯ ಮೇಲೆ ಕಂಡಂತೆಯೇ ಮುದ್ರಣ ಕೊಡೋ ಮೊದಲ ವರ್ಡ್ ಪ್ರೊಸೆಸರ್‌ಗಳಲ್ಲಿ ಅದೂ ಒಂದು. ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದ್ರು. 1983ರಲ್ಲಿ ಡಾಸ್‌ಗೆ ವರ್ಡ್ ಬಂತು.

ಆ ಹಳೇ ವರ್ಡ್‌ನಲ್ಲಿ ಸ್ಟೈಲ್ ಶೀಟ್ ಅನ್ನೋದು ದಾಖಲೆಯಿಂದ ಹೊರಗೆ, ಬೇರೆಯೇ ಫೈಲ್ ಆಗಿ ಇರ್ತಿತ್ತು. ಅದರಲ್ಲಿ ಮೂರು ಬಗೆಯ ಶೈಲಿಗಳು: ಅಕ್ಷರಕ್ಕೆ, ಪ್ಯಾರಾಕ್ಕೆ, ಮತ್ತೆ ಡಿವಿಷನ್‌ಗೆ. ಡಿವಿಷನ್ ಅಂದ್ರೆ ಪುಟದ ಅಳತೆ, ಅಂಚು, ಪುಟಸಂಖ್ಯೆ ಎಲ್ಲ ಸೇರಿದ ಭಾಗ. ಅಂದ್ರೆ ಪುಟಕ್ಕೂ ಶೈಲಿ ಇತ್ತು, ಬೇರೆ ದಾಖಲೆಗೂ ಅದೇ ಶೀಟ್ ಜೋಡಿಸಬಹುದಿತ್ತು.

1989ರಲ್ಲಿ ವಿಂಡೋಸ್‌ಗೆ ವರ್ಡ್ ಬಂದಾಗ ಪ್ಯಾರಾ ಶೈಲಿ ಉಳೀತು, ಪುಟದ ಶೈಲಿ ಉಳೀಲಿಲ್ಲ. ಪುಟದ ವಿವರವೆಲ್ಲ ಸೆಕ್ಷನ್ ಬ್ರೇಕ್ ಅನ್ನೋ ಗುರುತಿನೊಳಗೆ ಸೇರಿಕೊಳ್ತು. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತೆ. ಪ್ರಾಜೆಕ್ಟ್ ವರದಿಯ ನಡುವೆ ಬ್ಯಾಲೆನ್ಸ್ ಶೀಟ್‌ಗೆ ಒಂದು ಅಡ್ಡ ಪುಟ ಬೇಕು. ಅದರ ಸುತ್ತ ಸೆಕ್ಷನ್ ಬ್ರೇಕ್ ಹಾಕ್ತೀವಿ. ಆಮೇಲೆ ಒಂದು ಬ್ರೇಕ್ ಅಳಿಸಿದ್ರೆ, ಅದರ ಹಿಂದಿನ ಭಾಗ ಮುಂದಿನ ಭಾಗದ ಪುಟ ವಿನ್ಯಾಸವನ್ನು ಪಡೆದುಕೊಳ್ಳುತ್ತೆ. ಅಧ್ಯಾಯಕ್ಕೆ ಅಧ್ಯಾಯವೇ ಅಡ್ಡ ಮಲಗುತ್ತೆ! ಇಡೀ ದಾಖಲೆಯನ್ನು ಟೆಂಪ್ಲೇಟ್ ಆಗಿ ಉಳಿಸೋಕೆ ವರ್ಡ್‌ನಲ್ಲಿ ಅವಕಾಶ ಇದೆ, ನಿಜ. ಆದ್ರೆ ಪುಟಕ್ಕೆ ಅಂತ ಹೆಸರಿರೋ ಶೈಲಿ ಅಲ್ಲಿಲ್ಲ.

ಆ ತುಂಡು ಉಳಿದಿದ್ದು ಇನ್ನೊಂದು ದಾರಿಯಲ್ಲಿ. ಜರ್ಮನಿಯಲ್ಲಿ ಮಾರ್ಕೊ ಬೋರೀಸ್ 1985ರಲ್ಲಿ, ಇನ್ನೂ ಹದಿಹರೆಯದಲ್ಲೇ, ಸ್ಟಾರ್ ಡಿವಿಷನ್ ಕಂಪನಿ ಶುರು ಮಾಡಿದ್ರು. ಅವರ ಸ್ಟಾರ್‌ಆಫೀಸ್ ಅನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಳ್ತು. 2000ದಲ್ಲಿ ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿ ಓಪನ್‌ಆಫೀಸ್ ಆಯ್ತು, 2010ರಲ್ಲಿ ಅದರಿಂದ ಕವಲೊಡೆದು ಲಿಬ್ರೆಆಫೀಸ್ ಬಂತು. ಇದರ ರೈಟರ್‌ನಲ್ಲಿ ಪುಟಕ್ಕೇ ಶೈಲಿ ಇದೆ, ಆ ಶೈಲಿಗೆ ಹೆಸರಿದೆ. ಒಂದು ಪುಟ ತುಂಬಿದ ಮೇಲೆ ಮುಂದೆ ಯಾವ ಶೈಲಿ ಬರಬೇಕು ಅನ್ನೋದನ್ನೂ ಅಲ್ಲೇ ಹೇಳಬಹುದು.

2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಓಡಿಎಫ್ ಕಡತದಲ್ಲೂ ಇದು ದಾಖಲಾಗಿದೆ. ಕಡತ ಅಂದ್ರೆ ಒಂದು ಜಿಪ್ ಗಂಟು ಅಷ್ಟೇ. ಬಿಚ್ಚಿ ನೋಡಿದ್ರೆ ನಿಮ್ಮ ಬರಹ ಒಂದು ಫೈಲ್‌ನಲ್ಲಿ, ಪುಟದ ಶೈಲಿ ಇನ್ನೊಂದರಲ್ಲಿ ಇರುತ್ತೆ. ಬೇರೆ ತಂತ್ರಾಂಶ ಬರೆಯೋರೂ ಅದನ್ನ ಓದಬಹುದು.

ಈಗ ನಮ್ಮ ಕರಾರಿಗೆ ಬನ್ನಿ. ರೈಟರ್‌ನಲ್ಲಿ ಎಫ್11 ಒತ್ತಿ, ಪುಟ ಶೈಲಿಗಳಿಗೆ ಹೋಗಿ, 'ಛಾಪಾ ಪುಟ' ಅಂತ ಹೊಸ ಶೈಲಿ ಮಾಡಿ. ಮೇಲಿನ ಅಂಚು ದೊಡ್ಡದಿರಲಿ, ಮುಂದಿನ ಶೈಲಿ ಮಾಮೂಲಿ ಪುಟ ಅಂತ ಆರಿಸಿ. ಮೊದಲ ಪುಟಕ್ಕೆ ಆ ಶೈಲಿ ಹಾಕಿ, ಹೆಸರು, ಮೊತ್ತದ ಜಾಗ ಖಾಲಿ ಬಿಟ್ಟು, ಟೆಂಪ್ಲೇಟ್ ಆಗಿ ಉಳಿಸಿ. ಮುಂದಿನ ಸಲ ಟೆಂಪ್ಲೇಟ್ ತೆರೆದ್ರೆ ಹೆಸರಿಲ್ಲದ ಹೊಸ ದಾಖಲೆ ಬರುತ್ತೆ. ಈಗಾಗಲೇ ಇರೋ ದಾಖಲೆಗೆ ಬೇಕಿದ್ರೆ, ಶೈಲಿಗಳನ್ನು ಲೋಡ್ ಮಾಡೋ ಆಯ್ಕೆಯಲ್ಲಿ ಪುಟಗಳ ಮುಂದೆ ಟಿಕ್ ಹಾಕೋದನ್ನ ಮರೀಬೇಡಿ.

ಹತ್ತು ನಿಮಿಷದ ಕೆಲಸ. ಆಮೇಲೆ ಒಬ್ಬರ ಕರಾರು ಇನ್ನೊಬ್ಬರ ಕರಾರಿನೊಳಗೆ ನುಸುಳಲ್ಲ. ನಿಮ್ಮ ಬೀದಿಯ ಡಿಟಿಪಿ ಅಂಗಡಿಯವರಿಗೂ ಈ ಕಂತು ಕೇಳಿಸಿ. ಮತ್ತೆ ಸಿಗೋಣ.