ಜಯರಾಶಿಭಟ್ಟನ ತತ್ತ್ವೋಪಪ್ಲವವಾದ

ಚಾರ್ವಾಕಮತವೆಂದೊಡನೆ ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಸ್ಮರಣೆಗೆ ಬರುವುದು ಪೂರ್ವಪಕ್ಷವೇ ಹೊರತು ಗ್ರಂಥವಲ್ಲ. ಹದಿನಾಲ್ಕನೆಯ ಶತಮಾನದ್ದೆನಿಸಿ ಮಾಧವನ ಹೆಸರಿನಿಂದ ಪ್ರಸಿದ್ಧವಾಗಿರುವ ‘ಸರ್ವದರ್ಶನಸಂಗ್ರಹ’ದ ಮೊದಲ ಪ್ರಕರಣವು ಪ್ರತ್ಯಕ್ಷವೊಂದೇ ಪ್ರಮಾಣ, ಭೂತಚತುಷ್ಟಯವೇ ತತ್ತ್ವ, ಸುಖವೇ ಪುರುಷಾರ್ಥವೆಂದು ಆ ಮತವನ್ನು ನಿರೂಪಿಸುತ್ತದೆ. ಈ ಲೇಖಕನೂ ಬಹುಕಾಲ ಇದನ್ನೇ ಓದಿ, ಇದನ್ನೇ ಶಿಷ್ಯರಿಗೆ ಹೇಳಿಕೊಟ್ಟವನು. ಜಯರಾಶಿಭಟ್ಟನ ‘ತತ್ತ್ವೋಪಪ್ಲವಸಿಂಹ’ವನ್ನು ನೋಡಿದ ಮೇಲೆ ಆ ಪಾಠವನ್ನು ತಿದ್ದಿಕೊಳ್ಳಬೇಕಾಯಿತು.

ಈ ಗ್ರಂಥದ ತಾಳೆಯೋಲೆಯ ಪ್ರತಿಯು 1926ರಲ್ಲಿ ಗುಜರಾತಿನ ಪಾಟಣದ ಜೈನಭಂಡಾರದಲ್ಲಿ ದೊರೆಯಿತು. ಪಂಡಿತ ಸುಖಲಾಲಜಿ ಸಂಘವಿ, ರಸಿಕಲಾಲ ಪರೀಖ ಇವರಿಂದ ಪರಿಷ್ಕೃತವಾಗಿ 1940ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಜಯರಾಶಿಯು ಧರ್ಮಕೀರ್ತಿಯನ್ನು ಖಂಡಿಸಿದ್ದಾನೆ. ‘ಅಷ್ಟಸಹಸ್ರೀ’ಕಾರನಾದ ವಿದ್ಯಾನಂದನು ತತ್ತ್ವೋಪಪ್ಲವವಾದವನ್ನು ವಿಮರ್ಶಿಸಿದ್ದಾನೆ. ಆದಕಾರಣ ಇವರಿಬ್ಬರ ನಡುವೆ, ಕ್ರಿ. ಶ. 800ರ ಆಸುಪಾಸಿನಲ್ಲಿ, ಇವನಿದ್ದನೆಂದು ಊಹಿಸುವುದು ಯುಕ್ತವಾಗಿದೆ.

ಇವನ ವಾದದ ಮೂಲವಿದು: ನಿರ್ದುಷ್ಟವಾದ ಲಕ್ಷಣವಿಲ್ಲದೆ ಪ್ರಮಾಣವು ಸಿದ್ಧಿಸದು, ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸದು. ನೈಯಾಯಿಕರು ಪ್ರತ್ಯಕ್ಷವನ್ನು ಅವ್ಯಭಿಚಾರಿಯೆನ್ನುತ್ತಾರಷ್ಟೆ. ಆ ಅವ್ಯಭಿಚಾರವನ್ನು ಅರಿಯುವುದೆಂತು? ನಿರ್ದೋಷವಾದ ಇಂದ್ರಿಯಗಳಿಂದ ಹುಟ್ಟಿತೆಂಬುದರಿಂದಲೇ? ಇಂದ್ರಿಯವೇ ಅತೀಂದ್ರಿಯವಾಗಿರಲು ಅದರ ನಿರ್ದೋಷತ್ವವು ಪ್ರತ್ಯಕ್ಷಕ್ಕೆ ಗೋಚರಿಸದು. ಜ್ಞಾನದಿಂದಲೇ ಅದನ್ನು ಅನುಮಾನಿಸಿದರೆ ಅನ್ಯೋನ್ಯಾಶ್ರಯದೋಷ. ಬಾಧಕಜ್ಞಾನವು ಹುಟ್ಟಲಿಲ್ಲವೆಂಬುದರಿಂದಲೇ? ಮರೀಚಿಕೆಯನ್ನು ನೀರೆಂದು ಕಂಡವನು ಬೇರೆ ದೇಶಕ್ಕೆ ತೆರಳಿದರೆ, ಅಥವಾ ಅಷ್ಟರಲ್ಲೇ ಮೃತನಾದರೆ, ಬಾಧಕಜ್ಞಾನವು ಹುಟ್ಟುವುದೇ ಇಲ್ಲ. ಅಷ್ಟುಮಾತ್ರದಿಂದ ಅದು ನೀರಾದೀತೆ? ಎಂದೆಂದಿಗೂ ಯಾರಿಗೂ ಬಾಧೆಯಿಲ್ಲವೆಂದು ಹೇಳಬಲ್ಲವನು ಸರ್ವಜ್ಞನೇ ಆಗಿರಬೇಕು. ಪ್ರವೃತ್ತಿಯ ಸಾಫಲ್ಯದಿಂದಲೇ ಎಂದರೆ, ಆ ಸಾಫಲ್ಯದ ಜ್ಞಾನವೂ ಪರೀಕ್ಷೆಗೆ ಒಳಗಾಗಬೇಕಷ್ಟೆ. ಹೀಗೆ ಚಾರ್ವಾಕರ ಏಕಮಾತ್ರ ಆಶ್ರಯವೆಂದು ನಾವು ಕಲಿತ ಪ್ರತ್ಯಕ್ಷವೇ ಇಲ್ಲಿ ಶಿಥಿಲವಾಗುತ್ತದೆ.

ಧರ್ಮವಿಷಯದಲ್ಲಿಯೂ ಇದೇ ಕ್ರಮ. ವೇದಪ್ರಾಮಾಣ್ಯ, ಆತ್ಮಾನುಮಾನ, ಬೌದ್ಧರ ಕ್ಷಣಿಕತ್ವ ಇವೆಲ್ಲವನ್ನೂ ಆಯಾ ವಾದಿಗಳು ಅಂಗೀಕರಿಸಿದ ಲಕ್ಷಣಗಳಿಂದಲೇ ಮುರಿಯುತ್ತಾನೆ. ಸ್ವಪಕ್ಷವನ್ನಾದರೂ ಉಳಿಸಿಕೊಂಡನೋ ಎಂದರೆ ಅದೂ ಇಲ್ಲ. ಪೃಥಿವ್ಯಾದಿಗಳೇ ತತ್ತ್ವವೆಂಬ ಬೃಹಸ್ಪತಿಸೂತ್ರವು ಲೋಕಪ್ರಸಿದ್ಧಿಯನ್ನು ಅನುವದಿಸುವುದಷ್ಟೆ. ವಿಚಾರಿಸಿದರೆ ಅವೂ ನಿಲ್ಲವೆನ್ನುತ್ತಾನೆ. ಸುರಗುರುವಿಗೂ ಹೊಳೆಯದ ವಿಕಲ್ಪಗಳು ತನ್ನಲ್ಲಿವೆಯೆಂದು ಕೊನೆಯಲ್ಲಿ ಹೆಮ್ಮೆಪಡುವುದೂ ಉಂಟು. ಇವನು ಲೋಕಾಯತನೇ ಅಲ್ಲವೇ ಎಂಬುದರಲ್ಲಿ ವಿದ್ವಾಂಸರಿಗೆ ಮತಭೇದವಿರುವುದು ಇದರಿಂದಲೇ.

ಎಲ್ಲವೂ ಉಪಪ್ಲುತವಾದರೆ ಮನುಷ್ಯನು ಬದುಕುವುದೆಂತು? ಜಯರಾಶಿಗೆ ಇದು ಕಷ್ಟವಾದ ಪ್ರಶ್ನೆಯೇ ಅಲ್ಲ. ವ್ಯವಹಾರದಲ್ಲಿ ಬಾಲನೂ ಪಂಡಿತನೂ ಸಮಾನರು; ಲೋಕಮಾರ್ಗವನ್ನು ಅನುಸರಿಸಿದರೆ ಸಾಕು; ವಿಚಾರಿಸದಿರುವಷ್ಟು ಕಾಲ ವ್ಯವಹಾರವೆಲ್ಲವೂ ರಮಣೀಯ. ಪ್ರಮಾಣಲಕ್ಷಣವನ್ನು ಅರಿಯದ ಕೂಸೂ ಹಸಿದಾಗ ಹಾಲಿಗೆ ಅಳುತ್ತದೆ. ಅರಿತ ಶಾಸ್ತ್ರಿಯೂ ಹಸಿದಾಗ ಎಲೆಯ ಮುಂದೆ ಕೂರುತ್ತಾನೆ. ಬಾಳಿಗೆ ಶಾಸ್ತ್ರವು ಆಧಾರವೆಂದು ಹೇಳುತ್ತ ಬಂದ ನಮಗೆ ಈ ಮಾತು ಕಹಿಯೇ ಸರಿ.

ಇದು ಕೇವಲ ವಿತಂಡೆಯೆಂದು ತಳ್ಳಿಬಿಡಬಹುದು. ವಿತಂಡೆಯೆಂಬುದು ನಿಜ, ಆದರೆ ಸ್ವಪಕ್ಷಸ್ಥಾಪನೆಯಿಲ್ಲದವನ ದೂಷಣವೂ ದೂಷಣವೇ. ಖಂಡನೆಗೂ ಪ್ರಮಾಣ ಬೇಕಲ್ಲವೇ ಎಂಬ ಆಕ್ಷೇಪಕ್ಕೆ, ನಿಮ್ಮ ಪ್ರಮಾಣವೇ ನಿಮ್ಮನ್ನು ಕೆಡಿಸಿತೆಂಬ ಸಮಾಧಾನವು ಅವನಿಗೆ ಸುಲಭವಾಗಿದೆ. ಅವನ ವಿಕಲ್ಪಗಳೆಲ್ಲವೂ ಸಮಬಲವುಳ್ಳವೆಂದು ಈ ಲೇಖಕನ ಅಭಿಪ್ರಾಯವಲ್ಲ; ಅವ್ಯಭಿಚಾರದ ಪ್ರಶ್ನೆಗೆ ಮಾತ್ರ ಲಘುವಾದ ಉತ್ತರವಿಲ್ಲ.

ಸರ್ವಜ್ಞನನ್ನು ಒಪ್ಪುವ ಜೈನರ ಭಂಡಾರವೇ ಈ ಸಂಶಯವಾದಿಯ ಗ್ರಂಥವನ್ನು ಶತಮಾನಗಳ ಕಾಲ ಕಾಪಾಡಿತು. ಪ್ರತಿವಾದಿಯನ್ನು ಅವನ ಮಾತಿನಲ್ಲಿಯೇ ಕೇಳಬೇಕೆಂಬ ನ್ಯಾಯವನ್ನು ಅವರು ಕೃತಿಯಿಂದ ತೋರಿಸಿದ್ದಾರೆ. ದರ್ಶನಗಳನ್ನು ಪಾಠಹೇಳುವವರು ‘ಸರ್ವದರ್ಶನಸಂಗ್ರಹ’ದ ಮೊದಲ ಪ್ರಕರಣದೊಡನೆ ಈ ಗ್ರಂಥದ ಪ್ರತ್ಯಕ್ಷಖಂಡನಭಾಗವನ್ನಾದರೂ ಓದಿಸುವುದು ಉಚಿತವೆಂದು ವಿಜ್ಞಾಪನೆ.