ನೋವರಿಯದ ಪಶುವೂ ಹಿಟ್ಟಿನ ಕೋಳಿಯೂ

ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಕ್ತ ಹರಿಯದ ವಧೆಯೊಂದಿದೆ. ಉಜ್ಜಯಿನಿಯ ಅರಸ ಯಶೋಧರನು ತನ್ನ ಪತ್ನಿ ಅಮೃತಮತಿಯು ಅಷ್ಟಾವಂಕನೆಂಬ ಮಾವುತನಲ್ಲಿ ಅನುರಕ್ತಳಾದುದನ್ನು ಕಣ್ಣಾರೆ ಕಂಡು, ಆ ಸಂಕಟವನ್ನು ತಾಯಿ ಚಂದ್ರಮತಿಯ ಮುಂದೆ ಕೆಟ್ಟ ಕನಸೆಂಬಂತೆ ಮರೆಮಾಚಿ ಹೇಳುತ್ತಾನೆ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿಯಾಗಬೇಕೆಂಬುದು ತಾಯಿಯ ಹಟ. ಜೀವವಧೆಗೆ ಮಗನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿ ಅದನ್ನೇ ಕಡಿಯುವುದೆಂಬ ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ. ಮುಂದೆ ಅಮೃತಮತಿಯಿಂದ ವಿಷಪ್ರಾಶನವಾಗಿ ಸತ್ತ ತಾಯಿ ಮಕ್ಕಳು ನವಿಲಾಗಿ, ನಾಯಾಗಿ, ಆಡಾಗಿ, ಕೋಳಿಯಾಗಿ ಹುಟ್ಟಿ ಹುಟ್ಟಿ ಕೊಲ್ಲಿಸಿಕೊಳ್ಳುತ್ತಾರೆ.

ಈ ಕಥೆ ಜನ್ನನ ಸ್ವಂತ ಕಲ್ಪನೆಯಲ್ಲ. 959ರಲ್ಲಿ ಪೂರ್ಣಗೊಂಡ ಸೋಮದೇವಸೂರಿಯ ‘ಯಶಸ್ತಿಲಕ ಚಂಪು’, ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ ಇವೆಲ್ಲ ಇದೇ ವಸ್ತುವನ್ನು ನಿರೂಪಿಸಿವೆ. ಹಿಟ್ಟಿಗೆ ನೋವಾಗುವುದಿಲ್ಲ, ನರಳುವ ಪ್ರಾಣಿ ಅಲ್ಲಿಲ್ಲ. ಆದರೂ ಕರ್ಮಬಂಧ ತಪ್ಪಲಿಲ್ಲವೆಂದು ಈ ಕವಿಗಳು ಶತಮಾನಗಳ ಕಾಲ ಹೇಳುತ್ತ ಬಂದುದೇಕೆ? ಆಧುನಿಕ ಓದುಗರಲ್ಲಿ ಕೆಲವರಿಗೆ ಈ ಶಿಕ್ಷೆ ಅತಿಯಾಯಿತೆಂದು ತೋರಿದ್ದುಂಟು. ಆದರೆ ನೋವನ್ನೇ ಅರಿಯದಂತೆ ಸಾಕುಪ್ರಾಣಿಗಳನ್ನು ರೂಪಿಸಬಹುದೇ ಎಂಬ ಚರ್ಚೆ ಇಂದು ಪಶ್ಚಿಮದಲ್ಲಿ ನಡೆದಿರುವಾಗ, ಹಿಟ್ಟಿನ ಕೋಳಿಯ ಪ್ರಶ್ನೆ ಹೊಸ ಅರ್ಥ ಪಡೆದುಕೊಂಡಿದೆ.

ಪಶ್ಚಿಮದ ಚಿಂತನೆ ಈ ನೆಲೆಗೆ ಬಂದ ದಾರಿ ದೀರ್ಘವಾದುದು. 1637ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ ಪ್ರಾಣಿಗಳ ದೇಹವನ್ನು ಯಂತ್ರಕ್ಕೆ ಹೋಲಿಸಿದನು. ಅವನ ಅನುಯಾಯಿಗಳಲ್ಲಿ ಕೆಲವರು ಪ್ರಾಣಿಗಳಿಗೆ ನೋವೇ ಇಲ್ಲವೆನ್ನುವವರೆಗೂ ಹೋದರು. 1789ರಲ್ಲಿ ಪ್ರಕಟವಾದ ಗ್ರಂಥವೊಂದರ ಅಡಿಟಿಪ್ಪಣಿಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಾಮನು ಇದನ್ನು ತಲೆಕೆಳಗು ಮಾಡಿದನು. ಪ್ರಾಣಿಗೆ ವಿವೇಕವಿದೆಯೇ, ಮಾತಿದೆಯೇ ಎಂಬುದು ಮುಖ್ಯವಲ್ಲ, ಅದು ನೋವುಣ್ಣಬಲ್ಲುದೇ ಎಂಬುದೇ ಮುಖ್ಯವೆಂದನು. ಪ್ರಾಣಿದಯೆಯ ಚಳವಳಿಗಳಿಗೆಲ್ಲ ಇದು ಮೂಲಮಂತ್ರವಾಯಿತು. ಆದರೆ ಅದೇ ಅಡಿಟಿಪ್ಪಣಿಯಲ್ಲಿ ಬೆಂಥಾಮನು ಆಹಾರಕ್ಕಾಗಿ ಪ್ರಾಣಿಯನ್ನು ಕೊಲ್ಲುವುದನ್ನು ಸಮರ್ಥಿಸಿದ್ದಾನೆ. ಮನುಷ್ಯನ ಕೈಯಲ್ಲಿ ಒದಗುವ ಸಾವು ಪ್ರಕೃತಿಯಲ್ಲಿ ಒದಗುವುದಕ್ಕಿಂತ ಬೇಗನೆಯದೂ ಕಡಿಮೆ ನೋವಿನದೂ ಆಗಬಹುದೆಂಬುದು ಅವನ ವಾದ. ಅವನ ತಕ್ಕಡಿಯಲ್ಲಿ ತೂಗುವುದು ನೋವು, ಜೀವವಲ್ಲ.

ಎರಡನೆಯ ಮಹಾಯುದ್ಧದ ಬಳಿಕ ಪ್ರಾಣಿ ಸಾಕಣೆ ಕಾರ್ಖಾನೆಯ ರೂಪ ತಾಳಿತು. ರೂತ್ ಹ್ಯಾರಿಸನ್ 1964ರಲ್ಲಿ ಪ್ರಕಟಿಸಿದ ‘ಅನಿಮಲ್ ಮೆಷೀನ್ಸ್’ ಎಂಬ ಪುಸ್ತಕವು ಪಂಜರದ ಕೋಳಿ, ಕತ್ತಲ ಕೊಟ್ಟಿಗೆಯ ಕರುಗಳ ಸ್ಥಿತಿಯನ್ನು ಬ್ರಿಟನ್ನಿನ ಜನರ ಮುಂದಿಟ್ಟಿತು. ಮರುವರ್ಷ ಬ್ರ್ಯಾಂಬೆಲ್ ಸಮಿತಿಯು ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ಸವರಿಕೊಳ್ಳಲು, ಕೈಕಾಲು ಚಾಚಲು ಎಡೆಯಿರಬೇಕೆಂದು ವರದಿ ನೀಡಿತು. ಇಷ್ಟನ್ನೂ ಕೇಳಿ ಪಡೆಯಬೇಕಾದ ಸ್ಥಿತಿ ಅಂದಿನದು. ಐರೋಪ್ಯ ಒಕ್ಕೂಟದಲ್ಲಿ ಮೊಟ್ಟೆಕೋಳಿಗಳ ಹಳೆಯ ಬಗೆಯ ಬರಿಯ ಪಂಜರ ನಿಷಿದ್ಧವಾದುದು 2012ರಲ್ಲಿ.

ಹೀಗೆ ಪಂಜರವನ್ನು ಪ್ರಾಣಿಗೆ ತಕ್ಕಂತೆ ತಿದ್ದುವ ಯತ್ನ ನಡೆದಿರುವಾಗಲೇ, ಪ್ರಾಣಿಯನ್ನು ಪಂಜರಕ್ಕೆ ತಕ್ಕಂತೆ ತಿದ್ದುವ ಆಲೋಚನೆಯೂ ಬೆಳೆಯಿತು. ವಂಶವಾಹಿಯ ದೋಷದಿಂದ ಹುಟ್ಟುಕುರುಡಾದ ಕೋಳಿಗಳ ಮೊಟ್ಟೆ ಉತ್ಪಾದನೆಯನ್ನು 1980ರ ದಶಕದಲ್ಲಿ ಕೆನಡಾದ ಸಂಶೋಧಕರು ಅಧ್ಯಯನ ಮಾಡಿದ್ದರು. ಇಕ್ಕಟ್ಟಿನಲ್ಲಿ ಕಣ್ಣುಳ್ಳ ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯಗೊಳಿಸುತ್ತವೆ. ಕುರುಡು ಕೋಳಿಗಳಿಗೆ ಆ ಉದ್ವೇಗ ಕಡಿಮೆಯಾದರೆ, ಅವುಗಳನ್ನೇ ಸಾಕುವುದು ದಯೆಯಲ್ಲವೇ? ಅಮೆರಿಕದ ತತ್ತ್ವಶಾಸ್ತ್ರಜ್ಞ ಪಾಲ್ ಥಾಂಪ್ಸನ್ 2008ರ ಲೇಖನದಲ್ಲಿ ಇದನ್ನು ‘ಕುರುಡು ಕೋಳಿಯ ಸಮಸ್ಯೆ’ ಎಂದು ಚರ್ಚಿಸಿದರು. ನೋವಿನ ಲೆಕ್ಕ ಹಿಡಿದರೆ ಉತ್ತರ ‘ಹೌದು’ ಎಂದಾಗುತ್ತದೆ, ಮನಸ್ಸು ಮಾತ್ರ ಅದನ್ನು ಒಪ್ಪದು.

2009ರಲ್ಲಿ ಆ್ಯಡಮ್ ಶ್ರೈವರ್ ಎಂಬ ಚಿಂತಕ ಇನ್ನೂ ಮುಂದೆ ಹೋದರು. ನೋವಿಗೆ ಎರಡು ಮುಖಗಳಿವೆ: ಪೆಟ್ಟು ಎಲ್ಲಿ ಬಿತ್ತೆಂಬ ಅರಿವು ಒಂದು, ಅದು ಅಸಹ್ಯವೆನಿಸುವ ಯಾತನೆ ಇನ್ನೊಂದು. ಮಿದುಳಿನಲ್ಲಿ ಇವೆರಡರ ನೆಲೆಗಳು ಒಂದೇ ಅಲ್ಲ. ವಂಶವಾಹಿ ತಿದ್ದಿದ ಇಲಿಗಳ ಮೇಲಿನ ಪ್ರಯೋಗಗಳು ಮೊದಲನೆಯದನ್ನು ಉಳಿಸಿ ಎರಡನೆಯದನ್ನು ತಗ್ಗಿಸಬಹುದೆಂದು ಸೂಚಿಸಿದ್ದವು. ಕಾರ್ಖಾನೆ ಸಾಕಣೆಯನ್ನು ನಿಲ್ಲಿಸಲಾಗದಿದ್ದರೆ, ಯಾತನೆಯಿಲ್ಲದ ಪಶುಗಳನ್ನಾದರೂ ಅಲ್ಲಿರಿಸುವುದು ಕರ್ತವ್ಯವೆಂದು ಶ್ರೈವರ್ ವಾದಿಸಿದರು. ಅಂಥ ಹಸುವಾಗಲಿ ಹಂದಿಯಾಗಲಿ ಇನ್ನೂ ಕೊಟ್ಟಿಗೆಗೆ ಬಂದಿಲ್ಲ. ಆದರೆ ಈ ವಾದ ಕುಚೋದ್ಯವಲ್ಲ. ಪ್ರಪಂಚದಲ್ಲಿ ವರ್ಷಕ್ಕೆ 7,000 ಕೋಟಿಗೂ ಹೆಚ್ಚು ಕೋಳಿಗಳು ವಧೆಯಾಗುತ್ತಿರುವಾಗ, ಅವುಗಳ ಯಾತನೆ ಕಡಿಮೆಯಾಗಲಿ ಎನ್ನುವವರ ಕಳಕಳಿಯನ್ನು ಅಲ್ಲಗಳೆಯಲಾಗದು.

ಜೈನಶಾಸ್ತ್ರದ ದೃಷ್ಟಿಯಲ್ಲಿ ಇದಕ್ಕೆ ಉತ್ತರವೇನು? ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ನಿರ್ವಚಿಸುವಾಗ ‘ನೋವು’ ಎಂಬ ಮಾತನ್ನು ಬಳಸುವುದೇ ಇಲ್ಲ. ಪ್ರಮಾದಯುಕ್ತವಾದ ಮನೋವಾಕ್ಕಾಯಗಳಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂಬುದು ಅಲ್ಲಿನ ತಾತ್ಪರ್ಯ. ಇಲ್ಲಿ ಎರಡು ಅಂಶಗಳಿವೆ. ಒಂದು ಮಾಡುವವನ ಭಾವ, ಇನ್ನೊಂದು ಪ್ರಾಣಗಳ ಹಾನಿ.

ಮೊದಲ ಅಂಶಕ್ಕೆ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯಲ್ಲಿ ಉಜ್ಜ್ವಲವಾದ ನಿದರ್ಶನವಿದೆ. ಪರಮ ಕರುಣಾಳುವಾದ ವೈದ್ಯನು ಮುನಿಯ ಮೈಮೇಲಿನ ಕುರುವನ್ನು ಕೊಯ್ಯುತ್ತಾನೆ. ನೋವಾಗುತ್ತದೆ, ಆದರೆ ಆ ಹೊರಗಿನ ನಿಮಿತ್ತದಿಂದಷ್ಟೇ ವೈದ್ಯನಿಗೆ ಪಾಪಬಂಧವಿಲ್ಲ. ಜನ್ನನ ಕಥೆ ಇದರ ಮಗ್ಗುಲಲ್ಲಿ ನಿಲ್ಲುತ್ತದೆ. ವೈದ್ಯನಲ್ಲಿ ನೋವುಂಟು, ಪಾಪವಿಲ್ಲ. ಯಶೋಧರನಲ್ಲಿ ಪಾಪವುಂಟು, ನೋವಿಲ್ಲ. ‘ಕೊಲ್ಲುತ್ತೇನೆ’ ಎಂಬ ಸಂಕಲ್ಪದಿಂದ ಕತ್ತಿಯೆತ್ತಿದ್ದೇ ಅವನ ಪಾಲಿನ ಹಿಂಸೆ. ಇದನ್ನೇ ಸಂಕಲ್ಪಹಿಂಸೆಯೆನ್ನುತ್ತಾರೆ. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳಲ್ಲಿ ಮಿತಿಯನ್ನು ಹೇಳಿದ ಶಾಸ್ತ್ರಕಾರರು ಸಂಕಲ್ಪಿಯನ್ನು ಮಾತ್ರ ಪೂರ್ಣವಾಗಿ ಬಿಡಬೇಕೆಂದರು.

ಈ ವಿಷಯದಲ್ಲಿ ಕನ್ನಡನಾಡಿನಲ್ಲೇ ಭಿನ್ನಮತವಿತ್ತೆಂಬುದು ಗಮನಾರ್ಹ. ಜನ್ನನ ತರುವಾಯ ಅದೇ 13ನೆಯ ಶತಮಾನದಲ್ಲಿ ಬಾಳಿದ ಮಧ್ವಾಚಾರ್ಯರ ಪರಂಪರೆಯು ಯಜ್ಞದಲ್ಲಿ ಜೀವಂತ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನು, ಎತ್ತಿಹಿಡಿಯಿತು. ಆಯುಧಪೂಜೆಯಂದು ಕುಂಕುಮ ಹಚ್ಚಿದ ಬೂದುಗುಂಬಳವನ್ನು ಒಡೆಯುವ ರೂಢಿ ಇಂದಿಗೂ ಇದೆ. ಆ ಪಿಷ್ಟಪಶುವಿನಿಂದ ನಿಜವಾದ ಪಶುವೊಂದು ಬದುಕಿಕೊಂಡಿತೆಂಬುದು ಸಣ್ಣ ಮಾತಲ್ಲ. ಜೈನಕವಿಗಳು ಕೇಳಿದ್ದು ಬೇರೆಯೇ ಪ್ರಶ್ನೆ: ಪಶು ಉಳಿಯಿತು ಸರಿ, ಕೊಲ್ಲುವ ಮನಸ್ಸು ಏನಾಯಿತು? ನೋವರಿಯದ ಪಶುವಿನ ಯೋಜನೆ ಈ ಎರಡು ಅಳತೆಗಳಲ್ಲಿಯೂ ಹಿಂದೆ ಬೀಳುತ್ತದೆ. ಅಲ್ಲಿ ಸಂಕಲ್ಪ ಇದ್ದಂತೆಯೇ ಇದೆ, ಪಶುವೂ ಉಳಿಯುವುದಿಲ್ಲ. ಹಿಟ್ಟಿನ ಕೋಳಿ ಜೀವಂತ ಕೋಳಿಯ ಬದಲಿಗೆ ಬಂದಿತ್ತು. ಇಲ್ಲಿ ಜೀವಂತ ಕೋಳಿಯನ್ನೇ ಹಿಟ್ಟಿನದಾಗಿಸುವ ಯತ್ನ ನಡೆದಿದೆ.

ಎರಡನೆಯ ಅಂಶ ಪ್ರಾಣಗಳದು. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಉಸಿರು, ಆಯುಷ್ಯ ಹೀಗೆ ಪ್ರಾಣಗಳು ಹತ್ತು. ಮನಸ್ಸುಳ್ಳ ಪಂಚೇಂದ್ರಿಯ ಜೀವಿಗಳಾದ ಹಸು, ಕೋಳಿಗಳಿಗೆ ಹತ್ತೂ ಇವೆ. ಜೀವ ತೆಗೆಯುವುದೆಂದರೆ ಆಯುಷ್ಯವೊಂದನ್ನೇ ಕಡಿಯುವುದಲ್ಲ, ಇಂದ್ರಿಯವನ್ನು ಕೆಡಿಸುವುದೂ ಪ್ರಾಣಹಾನಿಯೇ. ಹೀಗೆ ನೋಡಿದರೆ ಕೋಳಿಯನ್ನು ಕುರುಡಾಗಿಸುವುದು ಹಿಂಸೆಯ ಪರಿಹಾರವಲ್ಲ, ಹಿಂಸೆಯ ಒಂದು ಬಗೆ. ಹುಟ್ಟುವ ಮೊದಲೇ ಕೆಡಿಸಿದರೆ ಯಾರ ಪ್ರಾಣಕ್ಕೆ ಹಾನಿಯಾಯಿತೆಂದು ಕೇಳಬಹುದು. ಅದಕ್ಕೂ ಉತ್ತರ ಸಂಕಲ್ಪದಲ್ಲಿಯೇ ಇದೆ. ಕೊರತೆಯಿಂದಲೇ ಹುಟ್ಟಬೇಕೆಂದು ಮೊದಲೇ ಯೋಜಿಸುವವನ ಪ್ರಮಾದ ಕಿರಿದಾದುದಲ್ಲ.

ನೋವು ಕೇವಲ ಶಾಪವೂ ಅಲ್ಲ. 2006ರಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವರಿಯದ ಮಕ್ಕಳನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದರು. ಆ ಮಕ್ಕಳು ತಮಗರಿವಿಲ್ಲದೆ ತುಟಿ ನಾಲಗೆ ಕಚ್ಚಿಕೊಂಡಿದ್ದರು, ಎಲುಬು ಮುರಿದರೂ ತಿಳಿದಿರಲಿಲ್ಲ. ಕೆಂಡದ ಮೇಲೆ ನಡೆದು, ತೋಳಿಗೆ ಚೂರಿ ಚುಚ್ಚಿಕೊಂಡು ಬೀದಿಯಲ್ಲಿ ಪ್ರದರ್ಶನ ನೀಡುತ್ತಿದ್ದ ಬಾಲಕನೊಬ್ಬ ಹದಿನಾಲ್ಕು ತುಂಬುವ ಮೊದಲೇ ಮಾಡಿನಿಂದ ಹಾರಿ ತೀರಿಕೊಂಡಿದ್ದ. ದೇಹಕ್ಕೆ ನೋವು ಕಾವಲುಗಾರ. ಇನ್ನೊಂದು ಮಾತು: ಶಾಸ್ತ್ರವು ಸಕಲ ಸಂಸಾರಿ ಜೀವಿಗಳಲ್ಲಿ ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳನ್ನು ಗುರುತಿಸುತ್ತದೆ. ಯಾತನೆಯ ನರವನ್ನು ಮುಚ್ಚಿದರೂ ಭಯ ಉಳಿಯುತ್ತದೆ, ಕರುವನ್ನು ಅಗಲಿದ ಹಸುವಿನ ಕೂಗು ಉಳಿಯುತ್ತದೆ.

ಈ ಪ್ರಶ್ನೆ ಮಾಂಸಾಹಾರಿಗಳದು ಮಾತ್ರವೆಂದು ಸಸ್ಯಾಹಾರಿಗಳು ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ವಂಶವಾಹಿ ತಿದ್ದಿ ಕೊಂಬಿಲ್ಲದ ಕರುಗಳನ್ನು ಹುಟ್ಟಿಸಿದ ವಿಷಯ 2016ರಲ್ಲಿ ಪ್ರಕಟವಾಯಿತು. ಅವು ಹಾಲಿನ ತಳಿಯವು. ಎಳೆಗರುಗಳ ಕೊಂಬಿನ ಮೊಳಕೆಯನ್ನು ಸುಡುವ ಕ್ರೂರ ಪದ್ಧತಿಯನ್ನು ತಪ್ಪಿಸುವುದೇ ಉದ್ದೇಶವೆಂದು ಹೇಳಲಾಯಿತು. ಆ ತಿದ್ದುಪಡಿಯ ಜೊತೆಗೆ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕೂ ಸೇರಿಕೊಂಡಿತ್ತೆಂಬುದು 2019ರಲ್ಲಿ ಬೆಳಕಿಗೆ ಬಂತು. ತಾಂತ್ರಿಕ ದೋಷ ಹಾಗಿರಲಿ, ಕೊಂಬನ್ನು ಸುಡುವುದಾದರೂ ಏಕೆ? ಕಿರಿದಾದ ಎಡೆಯಲ್ಲಿ ಹಲವು ಹಸುಗಳನ್ನು ಕೂಡಿಹಾಕುವುದರಿಂದ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳು ಇಲ್ಲಿ ನೆನಪಿಗೆ ಬರುತ್ತವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಮೇವು ನೀರು ತಡೆಯುವುದು. ಪಶು ಸಾಕುವ ಗೃಹಸ್ಥನನ್ನೂ ಒಳಗೊಂಡ ಪಟ್ಟಿಯಿದು. ಕೊಂಬಿಲ್ಲದ ಕರುವಿನಲ್ಲಿ ಛೇದ ತಪ್ಪಬಹುದು, ಬಂಧ ಹಾಗೆಯೇ ಉಳಿಯುತ್ತದೆ. ಛೇದದ ಅಡ್ಡಿ ಕಳೆದ ಮೇಲೆ ಬಂಧವನ್ನು ಪ್ರಶ್ನಿಸುವವರೂ ಕಡಿಮೆಯಾಗುತ್ತಾರೆ.

ಇರುವ ಪ್ರಾಣಿಯ ನೋವನ್ನು ಇಳಿಸುವ ಯಾವ ಕ್ರಮವನ್ನೂ ಈ ವಿಚಾರ ತಿರಸ್ಕರಿಸುವುದಿಲ್ಲ. ಕೊಂಬು ತೆಗೆಯಲೇಬೇಕಾದಲ್ಲಿ ಅರಿವಳಿಕೆ ಕೊಡುವವನು ಪೂಜ್ಯಪಾದರ ವೈದ್ಯನ ಸಮೀಪದವನು, ಅವನ ಕಣ್ಣು ಕರುವಿನ ಮೇಲಿದೆ. ನೋವರಿಯದ ತಳಿಯನ್ನು ಯೋಜಿಸುವವನ ಕಣ್ಣು ಪಂಜರದ ಮೇಲಿದೆ. ಪಂಜರ ಉಳಿಯಬೇಕು, ಕೂಗು ಕೇಳಿಸಬಾರದು.

ಜನ್ನನ ಕಾವ್ಯದಲ್ಲಿ ಹಿಟ್ಟಿನ ಕೋಳಿ ಕೂಗಿದ್ದು ಕೇವಲ ಅದ್ಭುತಕ್ಕಾಗಿ ಅಲ್ಲ. ಯಶೋಧರನಿಗೆ ತಾನು ಮಾಡಿದ್ದೇನೆಂದು ತಿಳಿಸಲು ಆ ಕೂಗು ಬೇಕಾಗಿತ್ತು. ಆ ಕಥೆಯನ್ನೆಲ್ಲ ಅಭಯರುಚಿ ಹೇಳುವುದು ಚಂಡಮಾರಿಯ ಗುಡಿಯಲ್ಲಿ, ತನ್ನನ್ನೂ ತಂಗಿ ಅಭಯಮತಿಯನ್ನೂ ಬಲಿಗೊಡಲು ನಿಂತ ಮಾರಿದತ್ತನಿಗೆ. ಅದನ್ನು ಕೇಳಿದ ಮಾರಿದತ್ತನು ನೋವಾಗದಂತೆ ಬಲಿಕೊಡುವ ಉಪಾಯವನ್ನು ಹುಡುಕಲಿಲ್ಲ. ಬಲಿಯನ್ನೇ ನಿಲ್ಲಿಸಿ ದೀಕ್ಷೆಯ ದಾರಿ ಹಿಡಿದನು.