ಔಷಧಿ ಬಿಲ್ಲಿನ ಹಿಂದಿನ ಕತೆ

ಕುರುಡುಮಲೆಯಿಂದ ಮುಳಬಾಗಿಲಿಗೆ ಹೋಗಿ ಮಾತ್ರೆ ತರುವ ನಮ್ಮಲ್ಲಿ ಎಷ್ಟು ಮಂದಿ ಬಿಲ್ ಕೇಳುತ್ತೇವೆ? ಬಿತ್ತನೆ ಬೀಜಕ್ಕೆ ಬಿಲ್ ಇಟ್ಟುಕೊಳ್ಳುತ್ತೇವೆ, ಮೊಳೆಯದಿದ್ದರೆ ಅಂಗಡಿಯವನನ್ನು ಕೇಳಬೇಕಲ್ಲ. ಟೊಮೊಟೊ ಮಂಡಿಯ ಚೀಟಿಯನ್ನು ದುಡ್ಡು ಕೈಗೆ ಬರುವವರೆಗೂ ಜೋಪಾನ ಮಾಡುತ್ತೇವೆ. ಹೊಟ್ಟೆಗೆ ಹೋಗುವ ಔಷಧಿಗೆ ಮಾತ್ರ ಬಿಲ್ ಬೇಡ. ಎರಡು ಮಾತ್ರೆ ಕತ್ತರಿಸಿ ಕವರಿಗೆ ಹಾಕಿ ಕೊಟ್ಟರೆ ಜೇಬಿಗಿಟ್ಟು ಬಂದುಬಿಡುತ್ತೇವೆ.

ಆ ಬಿಲ್ಲು, ಸ್ಟ್ರಿಪ್ ಮೇಲಿನ ಬ್ಯಾಚ್ ನಂಬರು, ಮೆಡಿಕಲ್ ಸ್ಟೋರಿನ ಗೋಡೆಗೆ ತೂಗುಹಾಕಿದ ಲೈಸೆನ್ಸು, ಇವೆಲ್ಲ ಸರ್ಕಾರ ಸುಮ್ಮನೆ ಕೂತು ಮಾಡಿದ ಕಾಗದಗಳಲ್ಲ. ಇವುಗಳ ಹಿಂದೆ ಸುಮಾರು ನೂರು ವರ್ಷದ ಕತೆಯಿದೆ. ಎಲ್ಲೋ ಜನ ಸತ್ತ ಮೇಲೆ, ಮೋಸ ಹೋದ ಮೇಲೆ ಒಂದೊಂದಾಗಿ ಬಂದ ನಿಯಮಗಳು ಇವು.

ಮೊದಲು ಕಾಂಪೌಂಡರ್ ಕಾಲದಿಂದ ಶುರು ಮಾಡೋಣ. ಆಗ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಬಾಟಲಿ ಒಯ್ಯುತ್ತಿದ್ದರು. ಡಾಕ್ಟರು ಬರೆದ ಚೀಟಿ ನೋಡಿ ಕಾಂಪೌಂಡರ್ ಮಿಕ್ಸ್ಚರ್ ಕಲಸಿ ಕೊಡುತ್ತಿದ್ದರು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಬಾಟಲಿಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಳಗಿರುವುದೇನು, ಎಲ್ಲಿ ತಯಾರಾದದ್ದು, ಎಂದು ಕೆಡುತ್ತದೆ ಎಂಬುದು ರೋಗಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಎಲ್ಲ ನಂಬಿಕೆಯ ಮೇಲೆ ನಡೆಯುತ್ತಿತ್ತು.

ಆ ನಂಬಿಕೆಯನ್ನು ಅಲುಗಾಡಿಸಿದ ಔಷಧಿಗಳಲ್ಲಿ ಮುಖ್ಯವಾದದ್ದು ಕ್ವಿನೈನ್. ಮಲೇರಿಯಾ ಊರೂರನ್ನೇ ಮಲಗಿಸುತ್ತಿದ್ದ ದಿನಗಳಲ್ಲಿ ಅದೊಂದೇ ದೊಡ್ಡ ಆಸರೆ. ಕಲಬೆರಕೆಯ, ಸತ್ವವಿಲ್ಲದ ಕ್ವಿನೈನ್ ಮಾರಾಟವಾಗುತ್ತಿದೆ ಎಂಬ ದೂರು ದೇಶದ ತುಂಬ ಎದ್ದಿತು. 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. ಮರುವರ್ಷವೇ ವರದಿ ಬಂತು. ಔಷಧಿಗೊಂದು ಕಾನೂನು ಬೇಕು, ಪರೀಕ್ಷಿಸಲು ಪ್ರಯೋಗಾಲಯ ಬೇಕು, ಔಷಧಿ ಕೊಡುವವರಿಗೆ ಓದು ಮತ್ತು ನೋಂದಣಿ ಬೇಕು ಎಂಬುದು ಅದರ ಸಾರ.

ಕಾನೂನು ಬರಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. 1940ರಲ್ಲಿ ಔಷಧ ಕಾಯ್ದೆ, 1945ರಲ್ಲಿ ಅದರ ನಿಯಮಗಳು ಬಂದವು. ಅದು ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ ಕಾಯ್ದೆ. ನಮ್ಮ ಕೋಲಾರ ಜಿಲ್ಲೆ ಆಗ ಮೈಸೂರು ಸಂಸ್ಥಾನದಲ್ಲಿತ್ತು. ಸಂಸ್ಥಾನಗಳು ಭಾರತದಲ್ಲಿ ಸೇರಿದ ಮೇಲೆಯೇ ದೇಶಕ್ಕೆಲ್ಲ ಒಂದೇ ಕಾನೂನು ಎಂಬುದು ಸಾಧ್ಯವಾಯಿತು. ಇವತ್ತು ಮುಳಬಾಗಿಲಿನ ಮೆಡಿಕಲ್ ಸ್ಟೋರ್ ನಡೆಯುವುದೂ ಅದೇ 1940ರ ಕಾಯ್ದೆಯ ಕೆಳಗೆ.

ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಬಿಲ್ಲಿನ ಬೆಲೆ ಏನೆಂದು ಅದರಿಂದ ತಿಳಿಯುತ್ತದೆ. 1937ರಲ್ಲಿ ಅಲ್ಲಿನ ಒಂದು ಕಂಪನಿ ಗಂಟಲು ಬೇನೆಗೆ ಕೊಡುವ ಸಲ್ಫಾ ಔಷಧಿಯನ್ನು ಸಿಹಿ ದ್ರಾವಣ ಮಾಡಿ ಮಾರಿತು. ಔಷಧಿ ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಸರ್ಕಾರದ ಇನ್ಸ್‌ಪೆಕ್ಟರುಗಳು ಅಂಗಡಿಯ ಮಾರಾಟದ ಚೀಟಿಗಳನ್ನು ಹಿಡಿದು ಊರೂರು ತಿರುಗಿ, ಉಳಿದ ಬಾಟಲಿಗಳನ್ನು ವಾಪಸ್ ತಂದರು. ಚೀಟಿಯಲ್ಲಿ ಹೆಸರು, ವಿಳಾಸ ಇದ್ದ ಕಡೆ ಮನೆ ಸಿಕ್ಕಿತು. ಇಲ್ಲದ ಕಡೆ ಹುಡುಕಿ ಹುಡುಕಿ ಪರದಾಡಿದರು. ಮರುವರ್ಷ, 1938ರಲ್ಲಿ, ಮಾರುವ ಮೊದಲೇ ಹೊಸ ಔಷಧಿ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಬಂತು.

ನಮ್ಮಲ್ಲಿ ಔಷಧಿಗೆ ಕಾನೂನು ಬಂದ ಮೇಲೆ ಅದನ್ನು ಕೊಡುವ ಕೈಗೂ ಕಾನೂನು ಬಂತು. ಅದೇ 1948ರ ಫಾರ್ಮಸಿ ಕಾಯ್ದೆ. 1949ರಲ್ಲಿ ಭಾರತೀಯ ಫಾರ್ಮಸಿ ಕೌನ್ಸಿಲ್ ಶುರುವಾಯಿತು. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ ಚೀಟಿಯ ಔಷಧಿ ಕೊಡಬಾರದು ಎಂಬುದು ಈ ಕಾಯ್ದೆಯ ತಿರುಳು. ಆಗ ಓದಿದವರು ಕಡಿಮೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ಓದು ಶುರುವಾಗಿದ್ದೇ 1932ರಲ್ಲಿ. ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು ಬಂದದ್ದು 1964ರಲ್ಲಿ. ಹಾಗಾಗಿ ಮೊದಲ ಪಟ್ಟಿ ಮಾಡುವಾಗ ಐದು ವರ್ಷ ಔಷಧಿ ಕಲಸಿದ ಅನುಭವವಿದ್ದ ಕಾಂಪೌಂಡರುಗಳಿಗೂ ಜಾಗ ಕೊಟ್ಟರು. ಹಳೆಯ ಕಾಂಪೌಂಡರ್ ಹೀಗೆ ಕಾನೂನಿನ ಕಣ್ಣಲ್ಲಿ ಫಾರ್ಮಸಿಸ್ಟ್ ಆದರು.

ಆದರೆ ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಸರ್ಟಿಫಿಕೇಟ್ ಒಬ್ಬರದು, ಗಲ್ಲಾಪೆಟ್ಟಿಗೆ ಮುಂದೆ ಕೂರುವವರು ಇನ್ನೊಬ್ಬರು ಎಂಬ ದೂರು ದೇಶದ ಬಹಳ ಕಡೆ ಇದೆ. ಫಾರ್ಮಸಿಸ್ಟ್ ಇರಬೇಕಾದದ್ದು ಬರೀ ಮಾತ್ರೆ ಎಣಿಸಿಕೊಡಲು ಅಲ್ಲ. ಚೀಟಿಯಲ್ಲಿ ಡೋಸ್ ತಪ್ಪಿದ್ದರೆ ಹಿಡಿಯಬೇಕು. ಬಿ.ಪಿ. ಮಾತ್ರೆ ನುಂಗುವವರಿಗೆ ಇನ್ನೊಂದು ಮಾತ್ರೆ ಹೊಂದುತ್ತದೆಯೋ ಇಲ್ಲವೋ ನೋಡಬೇಕು. ರೋಗಿಗೆ ತಿಳಿಸಿ ಹೇಳುವುದೂ ಅವರ ಕೆಲಸವೇ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಹೇಳುತ್ತವೆ.

ಇನ್ನು ಇದನ್ನೆಲ್ಲ ಕಾಯುವವರು ಯಾರು? ಅಂಗಡಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. ಡ್ರಗ್ಸ್ ಇನ್ಸ್‌ಪೆಕ್ಟರ್ ಅಂಗಡಿಗೆ ಬಂದು ಸ್ಯಾಂಪಲ್ ತೆಗೆಯುವ ಕ್ರಮವನ್ನೂ ಕಾಯ್ದೆ ಹೇಳಿದೆ. ದುಡ್ಡು ಕೊಟ್ಟೇ ತೆಗೆಯಬೇಕು. ನಾಲ್ಕು ಪಾಲು ಮಾಡಿ ಸೀಲ್ ಹಾಕಬೇಕು. ಒಂದು ಪಾಲು ಅಂಗಡಿಯವರಿಗೆ, ಒಂದು ಸರ್ಕಾರಿ ಪ್ರಯೋಗಾಲಯಕ್ಕೆ, ಒಂದು ಕೋರ್ಟಿಗೆ, ಇನ್ನೊಂದು ಆ ಔಷಧಿಯನ್ನು ಅಂಗಡಿಗೆ ಕೊಟ್ಟವರೆಂದು ಹೆಸರು ತಿಳಿಸಿದವರಿಗೆ. ಮುಂದೆ ಯಾರೂ ಅದಲುಬದಲಾಯಿತು ಎನ್ನಬಾರದು ಎಂದೇ ಈ ಏರ್ಪಾಡು.

ಇಷ್ಟೆಲ್ಲ ಇದ್ದೂ ಸಾವು ನಿಲ್ಲಲಿಲ್ಲ. 1986ರಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕುಡಿಸಿದ ಗ್ಲಿಸರಿನ್‌ನಲ್ಲಿ ಅದೇ ಡೈಎಥಿಲೀನ್ ಗ್ಲೈಕಾಲ್ ಸೇರಿತ್ತು. 14 ಮಂದಿ ಸತ್ತರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಆಸ್ಪತ್ರೆಯಿಂದ ಹಿಡಿದು ನಿಯಂತ್ರಣ ಇಲಾಖೆಯವರೆಗೆ ಎಲ್ಲರ ಹುಳುಕನ್ನೂ ಹೊರಗೆಳೆಯಿತು. ಔಷಧಿ ಕಾರ್ಖಾನೆ ಹೇಗಿರಬೇಕೆಂಬ ‘ಶೆಡ್ಯೂಲ್ ಎಂ’ ನಿಯಮ 1988ರಲ್ಲಿ ಬಂತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತಾಗ ಸಿಕ್ಕಿದ್ದೂ ಅದೇ ವಿಷ. ಆ ಸಿರಪ್ ತಯಾರಾಗಿದ್ದು ನಮ್ಮ ಪಕ್ಕದ ತಮಿಳುನಾಡಿನ ಕಾಂಚೀಪುರದಲ್ಲಿ. ಔಷಧಿಗೆ ರಾಜ್ಯದ ಗಡಿ ಇಲ್ಲ ಎಂಬುದನ್ನು ಗಡಿ ತಾಲ್ಲೂಕಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನಮ್ಮ ರಾಜ್ಯದ ಗಾಯವೂ ಇನ್ನೂ ಹಸಿಯಾಗಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಬಿದ್ದಿದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಬಾಟಲಿಯ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚ್‌ಗಳು ರಾಜ್ಯದ ಪ್ರಯೋಗಾಲಯದಲ್ಲಿ ಮೊದಲೇ ಫೇಲಾಗಿದ್ದವು, ಅವುಗಳಲ್ಲಿ ಕೆಲವು ಕೇಂದ್ರದ ಪ್ರಯೋಗಾಲಯದಲ್ಲಿ ಪಾಸಾದವು. ಕಾಯ್ದೆಯ ಪ್ರಕಾರ ಕೇಂದ್ರದ ವರದಿಯೇ ಕೊನೆಯ ಮಾತು. ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತು ಮಾಡಿತು. ಆದರೆ ತಾಯಿಯಿಲ್ಲದ ಹಸುಗೂಸುಗಳಿಗೆ ಇದರಿಂದ ಏನಾಯಿತು?

ಇನ್ಸ್‌ಪೆಕ್ಟರು ಬರುವವರೆಗೆ ನಾವೇನು ಮಾಡಬಹುದು? ಗೋಡೆಯ ಮೇಲೆ ಲೈಸೆನ್ಸ್ ಕಾಣುತ್ತಿದೆಯೇ ನೋಡಬಹುದು. ಅದನ್ನು ಜನರಿಗೆ ಕಾಣುವಂತೆ ಇಡಲೇಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. ಕೆಲವು ಪ್ರಬಲ ಆಂಟಿಬಯಾಟಿಕ್, ನಿದ್ದೆಯ ಮಾತ್ರೆಗಳಿಗೆ 2014ರಿಂದ ಇನ್ನೂ ಬಿಗಿ ನಿಯಮವಿದೆ. ಕೊಂಡವರ ಮತ್ತು ಡಾಕ್ಟರ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಇದೆ. ಫೋನಿನಲ್ಲೇ ಸ್ಕ್ಯಾನ್ ಮಾಡಿ ನೋಡಬಹುದು.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಹಕ್ಕಿದೆ. 1940ರ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ನಾವು ಕೊಂಡ ಔಷಧಿಯನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವರದಿ ನಮ್ಮ ಕೈಗೇ ಬರುತ್ತದೆ.

ಇದಕ್ಕೆಲ್ಲ ಆಧಾರ ಬಿಲ್ಲು. ಡಾಕ್ಟರ ಚೀಟಿಯ ಔಷಧಿಗೆ ಬಿಲ್ಲಿನಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ದಿನ ಇರಬೇಕು. ಒಂದು ಬ್ಯಾಚ್ ಕೆಟ್ಟಿದೆ ಎಂದು ನಾಳೆ ಸುದ್ದಿ ಬಂದರೆ ನಮ್ಮ ಮನೆಯಲ್ಲಿರುವುದು ಅದೇನಾ ಎಂದು ನೋಡಲು ಬೇರೆ ದಾರಿ ಏನಿದೆ, ಅದೂ ಸ್ಟ್ರಿಪ್ಪನ್ನು ಬ್ಯಾಚ್ ನಂಬರು ಇರುವ ಕಡೆಯೇ ಕತ್ತರಿಸಿ ಕೊಟ್ಟಿದ್ದರೆ?

ಅಂಗಡಿಯಣ್ಣ ಗೊತ್ತಿರುವವರು, ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದು ಸಾಲಕ್ಕೂ ಕೊಡುತ್ತಾರೆ, ಅವರ ಹತ್ತಿರ ಬಿಲ್ ಕೇಳಿದರೆ ಅನುಮಾನಪಟ್ಟಂತೆ ಎಂಬ ಸಂಕೋಚ ನಮ್ಮೂರುಗಳಲ್ಲಿ ಇದ್ದೇ ಇದೆ. ಆದರೆ ಬಿಲ್ಲು ಅವರನ್ನೂ ಕಾಯುತ್ತದೆ. ಲೈಸೆನ್ಸ್ ಇರುವ ಕಡೆಯಿಂದ ತಂದು, ಸರಿಯಾಗಿ ಇಟ್ಟು, ಔಷಧಿಯ ದೋಷ ತಿಳಿಯದೆ ಮಾರಿದೆ ಎಂದು ತೋರಿಸಿದ ಅಂಗಡಿಯವರಿಗೆ ಕಾಯ್ದೆಯಲ್ಲಿ ರಕ್ಷಣೆ ಇದೆ. ಅದನ್ನು ತೋರಿಸಬೇಕಾದದ್ದೂ ಕಾಗದದಿಂದಲೇ. ಹಾಗಾಗಿ ಮುಂದಿನ ಸಲ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಹೋದಾಗ ಸಂಕೋಚ ಬಿಟ್ಟು ಕೇಳೋಣ: “ಅಣ್ಣಾ, ಒಂದು ಬಿಲ್ ಕೊಡಿ.”